ಬ್ಯಾರನ್ನಿನ ಮುಂದೆ ಓದಿದ ಪುಸ್ತಕಗಳು



ಪುಸ್ತಕ ಓದಿದರೆ ಹೊಗೆಸೊಪ್ಪಿಗೆ ಕೆ.ಜಿ.ಗೆ ಎರಡು ರೂಪಾಯಿ ಜಾಸ್ತಿ ಸಿಗುತ್ತದೆಯೇ ಎಂದು ನೀವು ಕೇಳಬಹುದು. ಸಿಗೋದಿಲ್ಲ. ಆದರೆ ಆ ಎರಡು ರೂಪಾಯಿ ಯಾರ ಜೇಬಿಗೆ ಹೋಯಿತು ಅನ್ನೋದು ಹೊಳೆಯುತ್ತದೆ. ನಾನು ಪಂಡಿತನಲ್ಲ, ಹಳ್ಳಿ ಹೈಸ್ಕೂಲಿನವನು. ಬ್ಯಾರನ್ನಿಗೆ ಬೆಂಕಿ ಹಾಕಿ ನಿದ್ದೆಗೆಟ್ಟು ಕಾಯುವ ರಾತ್ರಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಓದಿದ್ದೇನೆ. ಅನ್ನಿಸಿದ್ದನ್ನು ಹೇಳುತ್ತೇನೆ.

ಪ್ರೇಮಚಂದರ 'ಗೋದಾನ' 1936ರದು. ಅದರ ಹೋರಿ ಉತ್ತರದೇಶದ ರೈತ. ಅವನಿಗೆ ಆಸೆ ಇದ್ದದ್ದು ಒಂದು ಹಸು ಕಟ್ಟಬೇಕೆಂದು, ಅಷ್ಟೇ. ಅವನು ಕಬ್ಬು ಮಾರಿ ಬರುವಷ್ಟರಲ್ಲಿ ಕಾರ್ಖಾನೆ ಬಾಗಿಲಲ್ಲೇ ಸಾಲ ಕೊಟ್ಟವನು ನಿಂತಿರುತ್ತಾನೆ. ಹುಣಸೂರು, ಪಿರಿಯಾಪಟ್ಟಣದವರಿಗೆ ಇದು ಹೊಸ ಕಥೆಯೇ? 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾಯಿತು. ಹರಾಜಿನ ದುಡ್ಡು ಬ್ಯಾಂಕಿಗೆ ಬಂದು, ಸಾಲ ಮುರಿದುಕೊಂಡು ಉಳಿದದ್ದು ನಮಗೆ. ಬಾಗಿಲು ಬದಲಾಯಿತು, ಕಾದು ನಿಲ್ಲುವವನು ಬದಲಾದ, ಬರಿಗೈ ಮಾತ್ರ ಅದೇ. ಹೋರಿ ಸಾಲವನ್ನು ಹಣೆಬರಹ ಎಂದುಕೊಂಡ. ನಾವು ಹಾಗೆ ಅಂದುಕೊಳ್ಳಬಾರದು.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಮೂರು ತಲೆಮಾರು ಬರುತ್ತದೆ. ಓದಿದ ಮೊಮ್ಮಗ ಊರಿಗೆ ಹಿಂದಿರುಗುವುದನ್ನು ಪೇಟೆಯವರು ಹೊಗಳುತ್ತಾರೆ. ನನಗೆ ಹಿಡಿಸಿದ್ದು ಆ ಮನೆಯ ಹೆಂಗಸರ ದುಡಿಮೆ. ಸಂಸಾರ ನಿಂತಿದ್ದೇ ಅವರ ರಟ್ಟೆಯ ಮೇಲೆ. ನಿಮ್ಮ ಮನೆಯಲ್ಲಿ ಸೊಪ್ಪು ಕಟ್ಟುವವರು, ಕೆ.ಆರ್. ನಗರದ ಗದ್ದೆಯಲ್ಲಿ ನಾಟಿ ಹಾಕುವವರು ಯಾರು? ಖರ್ಚಿನ ಲೆಕ್ಕ ಬರೆಯುವಾಗ ಮನೆಯವರ ಕೂಲಿ ಹಿಡಿಯದಿದ್ದರೆ, ಬೆಲೆ ಕೇಳುವ ಮೊದಲೇ ನಾವು ಸೋತಂತೆ.

ಫುಕುವೊಕಾ ಎಂಬ ಜಪಾನಿನ ರೈತ 1975ರಲ್ಲಿ ಬರೆದದ್ದು 'ಒಂದು ಹುಲ್ಲಿನ ಕ್ರಾಂತಿ'. ಉಳುಮೆ ಬೇಡ, ಗೊಬ್ಬರ ಬೇಡ, ಔಷಧಿ ಬೇಡ ಅನ್ನುತ್ತಾನೆ. ಔಷಧಿ ಅಂಗಡಿಯ ಬಾಕಿ ಇಲ್ಲದ ಬೇಸಾಯ ಯಾರಿಗೆ ಬೇಡ? ಆದರೆ ಅಪ್ಪನ ಕಿತ್ತಳೆ ತೋಟವನ್ನು ಸವರದೆ ಏಕಾಏಕಿ ಬಿಟ್ಟು, ಮರಗಳು ಒಣಗಿಹೋದದ್ದನ್ನೂ ಅವನೇ ಬರೆದಿದ್ದಾನೆ. ಆ ಪುಟವನ್ನು ಎರಡು ಸಲ ಓದಿ. ಬ್ಯಾಂಕಿನ ಕಂತು ತಲೆಯ ಮೇಲಿರುವವನು ಒಂದೇ ವರ್ಷದಲ್ಲಿ ಎಲ್ಲ ಬದಲಾಯಿಸಹೋದರೆ ಜಮೀನೇ ಹೋದೀತು. ಹತ್ತು ಗುಂಟೆಯಲ್ಲಿ ಮಾಡಿ ನೋಡುವುದು ಜಾಣತನ.

ಕಡೆಯದು ಕಾರಂತರ 'ಚೋಮನ ದುಡಿ', 1933ರದು. ಇದನ್ನು ಓದಿ ನಾನು ಸುಮ್ಮನೆ ಕುಳಿತುಬಿಟ್ಟೆ. ಚೋಮನ ಬಳಿ ಎತ್ತು ಇತ್ತು, ರಟ್ಟೆಯಲ್ಲಿ ಕಸುವಿತ್ತು. ಹೊಲೆಯನೆಂದು ಉಳಲು ನೆಲ ಕೊಡಲಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಯಿತು. 'ಗೋದಾನ' ಓದುವಾಗ ನಾವು ಹೋರಿ. ಇದನ್ನು ಓದುವಾಗ ನಾವು ಯಾರು? ನೆಲ ಇರುವವರು. ಎಚ್.ಡಿ. ಕೋಟೆಯ ಹಾಡಿಯಿಂದ ನಮ್ಮ ಹೊಲಕ್ಕೆ ಕೂಲಿಗೆ ಬರುವವರಿಗೆ, ನಮ್ಮೂರ ಕೇರಿಯವರಿಗೆ ನ್ಯಾಯದ ಕೂಲಿ ಕೊಡದೆ ನ್ಯಾಯದ ಬೆಲೆ ಕೇಳಿದರೆ ಕೇಳುವವರು ನಗುತ್ತಾರೆ. ಬೆಲೆ ಬೇಕು ಅನ್ನುವ ಬಾಯಲ್ಲೇ ಕೂಲಿಯ ಮಾತೂ ಬರಬೇಕು.

ನಿಮ್ಮ ಪಂಚಾಯ್ತಿ ಗ್ರಂಥಾಲಯದಲ್ಲಿ ಈ ಪುಸ್ತಕ ಇವೆಯೇ ನೋಡಿ. ಇಲ್ಲದಿದ್ದರೆ ತರಿಸಿ ಎಂದು ಗಟ್ಟಿಯಾಗಿ ಕೇಳಿ. ಪಾಸ್‌ಬುಕ್ಕಿನ ಪುಟ ತಿರುವಿ ತಿರುವಿ ಸಾಕಾಗಿದೆ. ಅದರಲ್ಲಿ ಎಷ್ಟು ಸಾಲ ಅಂತ ಬರೆದಿರುತ್ತೆ, ಯಾಕೆ ಸಾಲ ಅಂತ ಬರೆದಿರಲ್ಲ.