ಮತ್ತೆ ಕೂಡಿದ ಮೇಳ

ಇಂಗ್ಲೆಂಡಿನ ಪತ್ರಿಕೆಗಳವರು ಪರಿಹಾಸ್ಯಕ್ಕೆಂದು ಇಟ್ಟ ಹೆಸರೊಂದು ಒಂದು ಸಂಗೀತ ಪಂಥಕ್ಕೇ ಬಿರುದಾಗಿ ಉಳಿದುಬಿಟ್ಟಿದೆ. ‘ಷೂಗೇಜ್’ ಎಂಬುದು ಆ ಹೆಸರು. ಪಾದರಕ್ಷೆಯನ್ನೇ ದಿಟ್ಟಿಸುವುದು ಎಂದು ಅದರ ಅರ್ಥ. 1990ರ ಸುಮಾರಿನ ಕೆಲವು ತರುಣ ವಾದ್ಯಗಾರರು ರಂಗದ ಮೇಲೆ ತಲೆ ತಗ್ಗಿಸಿಯೇ ನಿಲ್ಲುತ್ತಿದ್ದರು. ಗಿಟಾರಿನ ನಾದವನ್ನು ಹಿಗ್ಗಿಸಿ, ಮಸುಕಾಗಿಸಿ, ಮಾರ್ದನಿಗೊಳಿಸುವ ವಿದ್ಯುತ್ ಸಲಕರಣೆಗಳು ಅವರ ಕಾಲ ಬಳಿ ಇರುತ್ತಿದ್ದವು. ಅವನ್ನು ಪಾದದಿಂದಲೇ ಒತ್ತಬೇಕು. ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಕಾಲಿನಿಂದ ತಿದಿಯೊತ್ತುತ್ತಿದ್ದುದನ್ನು ಬಲ್ಲ ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸಲಾರದು. ಆ ನಾದದ ಮಂಜಿನಲ್ಲಿ ಹಾಡುವವರ ಕಂಠ ಅರ್ಧ ಮುಳುಗಿರುತ್ತದೆ. ಮಾತಿಗಿಂತ ಗುಂಗೇ ಅಲ್ಲಿ ಮುಖ್ಯ.

ಈ ಪಂಥದ ‘ಸ್ಲೋಡೈವ್’ ಎಂಬ ಮೇಳ 1989ರಲ್ಲಿ ರೆಡಿಂಗ್ ಪಟ್ಟಣದಲ್ಲಿ ಹುಟ್ಟಿತು. ಅದರ ಗಾಯಕರಾದ ನೀಲ್ ಹಾಲ್‌ಸ್ಟೆಡ್ ಮತ್ತು ರೇಚೆಲ್ ಗೋಸ್ವೆಲ್ ಬಾಲ್ಯದ ಒಡನಾಡಿಗಳು. 1993ರಲ್ಲಿ ಬಂದ ಅವರ ‘ಸೂವ್ಲಾಕಿ’ ಎಂಬ ಮುದ್ರಿಕೆಯನ್ನು ಅಂದಿನ ವಿಮರ್ಶಕರು ಹಲವರು ಹಳಿದರು. 1995ರಲ್ಲಿ ಮೂರನೆಯದು ಹೊರಬಂದೊಡನೆಯೇ ಮುದ್ರಣ ಸಂಸ್ಥೆಯೂ ಕೈಬಿಟ್ಟಿತು, ಮೇಳ ಚದುರಿತು. ಹತ್ತೊಂಬತ್ತು ವರ್ಷಗಳ ಮೇಲೆ, 2014ರಲ್ಲಿ, ಅವರು ಮತ್ತೆ ಒಂದುಗೂಡಿ ಬಾರ್ಸಿಲೋನದ ಉತ್ಸವದಲ್ಲಿ ನುಡಿಸಿದರು. 2017ರಲ್ಲಿಯೂ 2023ರಲ್ಲಿಯೂ ಹೊಸ ಹಾಡುಗಳ ಮುದ್ರಿಕೆಗಳನ್ನು ತಂದರು.

ಲಂಡನ್ನಿನಲ್ಲಿ ನೆಲೆಸಿರುವ ನನ್ನ ಸಹಪಾಠಿಯೊಬ್ಬ 2023ರಲ್ಲಿ ಅವರ ಕಛೇರಿಗೆ ಹೋಗಿದ್ದ. ಮೇಳ ಒಡೆದಾಗ ಆತ ಐದು ವರ್ಷದ ಹುಡುಗ. ಸಭೆಯಲ್ಲಿ ತನಗಿಂತ ಕಿರಿಯರೇ ಹೆಚ್ಚಾಗಿದ್ದರೆಂದು ಬರೆದಿದ್ದಾನೆ. ಅಂದು ಹಳಿಸಿಕೊಂಡ ಹಾಡನ್ನು ಕೇಳಿ ಕಣ್ಣೊರೆಸಿಕೊಂಡವರು ಅಂದು ಹುಟ್ಟಿಯೇ ಇರಲಿಲ್ಲ!

ಕಾಗದವನ್ನೋದಿದಾಗ ನನಗೆ ನಮ್ಮ ಬಬ್ಬೂರಿನ ಕಡೆಯ ಸಂಗತಿಯೊಂದು ನೆನಪಾಯಿತು. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದುದನ್ನು ನಾವು ಹಿರಿಯರ ಬಾಯಿಂದ ಕೇಳಿದ್ದೆವೇ ಹೊರತು ಕಂಡಿರಲಿಲ್ಲ. 89 ವರ್ಷಗಳ ಮೇಲೆ, 2022ರಲ್ಲಿ, ಅದು ಮತ್ತೆ ಕೋಡಿ ಹರಿಯಿತು. ನೋಡಲು ಜನ ಜಾತ್ರೆಯಂತೆ ನೆರೆದರು. ಹಳೆಯ ವೈಭವ ಮರಳಿತೆಂದು ಎಲ್ಲರೂ ಕೊಂಡಾಡಿದರು. ಕಟ್ಟೆಯೇನೋ ಹಳೆಯದೇ, ಕೋಡಿಯ ಮೇಲೆ ಹರಿದದ್ದು ಮಾತ್ರ ಹೊಸ ಮಳೆಯ ನೀರು.

ಚದುರಿದವರು ಮತ್ತೆ ಕೂಡುವುದೂ ಹಾಗೆಯೇ. ಕಳೆದ ಕಾಲವನ್ನು ಯಾರೂ ಹಿಂದಕ್ಕೆ ತರಲಾರರು. ಈಗಿನ ಕಂಠದಲ್ಲಿ ಈಗ ಹಾಡಬಹುದು, ಅಷ್ಟೆ. ನಮ್ಮ ದೊಡ್ಡಪ್ಪನವರ ಭಜನಾ ಮಂಡಳಿ ಯಾವುದೋ ಸಣ್ಣ ಮಾತಿಗೆ ಒಡೆದು ಹದಿನೈದು ವರ್ಷವಾಯಿತು. ತಾಳಗಳು ಪೆಟ್ಟಿಗೆ ಸೇರಿವೆ. ಕೇಳಿದರೆ, “ಇನ್ನೆಲ್ಲಿಯ ಕಂಠವಪ್ಪಾ!” ಎನ್ನುತ್ತಾರೆ. ಕಂಠ ಹಿಂದಿನಂತೆಯೇ ಇರಲೆಂದು ಕೇಳಿದವರಾರು?

ಸ್ಲೋಡೈವ್‌ನವರು ತಮ್ಮ 2023ರ ಮುದ್ರಿಕೆಯನ್ನು ರೇಚೆಲ್‌ರ ತಾಯಿಗೂ ಮದ್ದಳೆಗಾರ ಸೈಮನ್ ಸ್ಕಾಟ್‌ರ ತಂದೆಗೂ ಅರ್ಪಿಸಿದ್ದಾರೆ. ಇಬ್ಬರೂ 2020ರಲ್ಲಿ ತೀರಿಕೊಂಡರು. ಮೇಳ ಕೂಡುವುದು ಇನ್ನೊಂದು ಏಳು ವರ್ಷ ತಡವಾಗಿದ್ದರೆ ಆ ಹಿರಿಯರ ಪಾಲಿಗೆ ಅದು ಒಡೆದ ಮೇಳವಾಗಿಯೇ ಉಳಿಯುತ್ತಿತ್ತು.

ದೊಡ್ಡಪ್ಪನವರ ಮಂಡಳಿಯ ಐವರಲ್ಲಿ ಈಗ ನಾಲ್ವರಿದ್ದಾರೆ. ತಬಲದವರ ಮನೆ ಎರಡು ಬೀದಿಯಾಚೆಗಷ್ಟೆ.