ಅಳೆದವರು ಅಳತೆಗೋಲನ್ನೂ ತೋರಿಸಲಿ

ಮಿದುಳಿನ ಚಿತ್ರ ಅಚ್ಚಾಯಿತೆಂದರೆ ನಮ್ಮಲ್ಲಿ ವಾದವೇ ಮುಗಿದಂತೆ. ‘ಇಂಥ ರೋಗಿಗಳ ಮಿದುಳಿನ ಇಂಥ ಭಾಗ ಕುಗ್ಗಿದೆ’ ಎಂದು ಓದಿದೊಡನೆ ಬಲ್ಲವರೂ ತಲೆದೂಗುತ್ತಾರೆ. ನಾನು ಮಾತ್ರ ತಲೆದೂಗಲಾರೆ. ಕನ್ನಡ ಮೇಷ್ಟರಿಗೆ ಈ ಗೊಡವೆ ಏಕೆಂದು ವಿಜ್ಞಾನದ ಮಿತ್ರರೊಬ್ಬರು ನಕ್ಕರು. ನಗಲಿ. ಹಳೆಯ ಕಾವ್ಯವನ್ನು ಸಂಪಾದಿಸಿದವನು ಯಾವ ಓಲೆಪ್ರತಿಗಳನ್ನು ನೋಡಿದೆ, ಯಾವ ಪಾಠವನ್ನು ಏಕೆ ಬಿಟ್ಟೆ ಎಂದು ಅಡಿಯಲ್ಲಿ ಕಾಣಿಸದಿದ್ದರೆ ನಾವು ಆ ಪುಸ್ತಕವನ್ನು ಮೂಸಿಯೂ ನೋಡುವುದಿಲ್ಲ. ಆ ಕಟ್ಟಳೆ ಅವರಿಗೇಕೆ ಬೇಡ?

ಎಂ.ಆರ್.ಐ. ಯಂತ್ರ ಕೊಡುವುದು ಚಿತ್ರವನ್ನು, ಗಾತ್ರವನ್ನಲ್ಲ. ಬೂದುದ್ರವ್ಯ ಎಲ್ಲಿ ಮುಗಿಯಿತು, ಬಿಳಿದ್ರವ್ಯ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಂಪ್ಯೂಟರಿನ ತಂತ್ರಾಂಶ. 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 30 ಜನರ ಅವೇ ಚಿತ್ರಗಳನ್ನು ಫ್ರೀಸರ್ಫರ್ ಎಂಬ ತಂತ್ರಾಂಶದ ಮೂರು ಆವೃತ್ತಿಗಳಿಗೆ ಕೊಟ್ಟು ನೋಡಿದರು. ಹಿಂದಿನ ಎರಡಕ್ಕೂ ಹೊಸದಕ್ಕೂ ಭಾಗಗಳ ಗಾತ್ರದಲ್ಲಿ ಸರಾಸರಿ ಶೇಕಡಾ 8.8, ಹೊರಪದರದ ದಪ್ಪದಲ್ಲಿ ಶೇಕಡಾ 2.8 ವ್ಯತ್ಯಾಸ! ಕಂಪ್ಯೂಟರನ್ನೋ ಅದರ ಕಾರ್ಯವ್ಯವಸ್ಥೆಯನ್ನೋ ಬದಲಿಸಿದರೂ ಅದರ ಅರ್ಧದಷ್ಟು. ಮಿದುಳು ಕ್ಷಯಿಸುವ ಕಾಯಿಲೆಗಳಲ್ಲಿ ವರದಿಯಾಗುವ ವ್ಯತ್ಯಾಸಗಳೂ ಹೆಚ್ಚುಕಡಿಮೆ ಇಷ್ಟೇ ಎಂದು ಅವರೇ ಬರೆದರು. ಹಾಗಾದರೆ ಕುಗ್ಗಿದ್ದು ರೋಗಿಯ ಮಿದುಳೋ, ಬದಲಾದದ್ದು ಆವೃತ್ತಿಯೋ? ಸಂಖ್ಯೆ ಬರೆಯದವರನ್ನು ಹೇಗೆ ನಂಬುವುದು?

ಇನ್ನೊಂದು ಮಾತು. ಚಿತ್ರ ತೆಗೆಯುವಾಗ ತಲೆ ಅಲುಗಿದರೆ ಬೂದುದ್ರವ್ಯ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. 2015ರಲ್ಲಿ ಇದನ್ನು ಬೇಕೆಂದೇ ತಲೆ ಅಲುಗಿಸಿಸಿ ತೋರಿಸಿದರು. ಆ ಕೊಳವೆಯಲ್ಲಿ ಗದ್ದಲದ ನಡುವೆ ಅಲುಗದೆ ಮಲಗಲಾರದವರು ಯಾರು? ಚಂಚಲ ಮಕ್ಕಳು, ಕೈಕಾಲು ನಡುಗುವ ಮುದುಕರು. ಅವರ ಚಂಚಲತೆಯೇ ಮಿದುಳಿನ ಕೊರತೆಯೆಂದು ದಾಖಲಾದರೆ ಆ ತಾಯಿಗೆ ಉತ್ತರ ಹೇಳುವವರಾರು? ಎಷ್ಟು ಚಿತ್ರಗಳನ್ನು ಕೈಬಿಟ್ಟರು, ಯಾರು ನೋಡಿ ಬಿಟ್ಟರು, ಗೆರೆಗಳನ್ನು ಕೈಯಿಂದ ತಿದ್ದಿದರೋ ಇಲ್ಲವೋ, ಇಷ್ಟನ್ನಾದರೂ ಹೇಳಬೇಡವೇ?

ಪುಟ ಸಾಲದು ಎನ್ನುತ್ತಾರೆ. ಫಲಿತಾಂಶದ ಬಣ್ಣದ ಚಿತ್ರಗಳಿಗೆ ಸಾಲುವ ಪುಟ ವಿಧಾನಕ್ಕೆ ಸಾಲದೇ! ದಾರಿ ಗೊತ್ತಿಲ್ಲವೆನ್ನುವಂತೆಯೂ ಇಲ್ಲ: 2008ರಲ್ಲಿಯೇ ‘ನ್ಯೂರೋಇಮೇಜ್’ ಪತ್ರಿಕೆ ಇಂಥ ವರದಿಗಳಿಗೆ ಹತ್ತು ಸೂತ್ರಗಳನ್ನು ಅಚ್ಚುಹಾಕಿತು, 2017ರಲ್ಲಿ ಈ ಕ್ಷೇತ್ರದ ಅಂತಾರಾಷ್ಟ್ರೀಯ ಸಂಘದವರ ದೊಡ್ಡ ಪಟ್ಟಿಯೇ ಬಂದಿತು. ಪ್ರಾಮಾಣಿಕರು ಅದನ್ನು ಪಾಲಿಸುತ್ತಲೂ ಇದ್ದಾರೆ. ಅವರಿಗೆ ನನ್ನ ನಮಸ್ಕಾರ.

ನಕ್ಕ ಮಿತ್ರರು ಮೊನ್ನೆ ಹೊಸ ಲೇಖನವೊಂದನ್ನು ತಂದುಕೊಟ್ಟರು. ‘ರೂಢಿಯ ವಿಧಾನವನ್ನು ಅನುಸರಿಸಲಾಯಿತು’ ಎಂದಿತ್ತು. ಆವೃತ್ತಿಯ ಸಂಖ್ಯೆಯನ್ನು ಇಬ್ಬರೂ ಕೂಡಿ ಹುಡುಕಿದೆವು. ಸಿಗಲಿಲ್ಲ.