ಬೇಕಾದುದು ಮತ್ತು ಇದ್ದರೆ ಒಳ್ಳೆಯದು

ಲಿನಕ್ಸ್ ನಡೆಸುವ ಗಣಕಯಂತ್ರದಲ್ಲಿ ಒಂದು ತಂತ್ರಾಂಶವನ್ನು ಸ್ಥಾಪಿಸಹೊರಟರೆ ಅದರ ಬೆನ್ನಿಗೆ ಹತ್ತಾರು ಪ್ಯಾಕೇಜುಗಳು ಬಂದು ಸೇರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಯಾವುದು ಯಾವುದನ್ನು ಅವಲಂಬಿಸಿದೆಯೆಂಬುದರಲ್ಲಿ ಕೆಲವಂಶವನ್ನು ಉಪಕರಣಗಳೇ ಲೆಕ್ಕಹಾಕುತ್ತವೆ. ಉಳಿದುದನ್ನು ಪ್ಯಾಕೇಜಿನ ಪಾಲಕರು ತಮ್ಮ ವಿವೇಚನೆಯಿಂದ ಬರೆಯುತ್ತಾರೆ. ಈ ವಿವೇಚನೆಯ ಎಲ್ಲೆ ಯಾವುದು?

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ವಿತರಣೆಯ ನಿಯಮಗಳು ಅಗತ್ಯವನ್ನು ಮುಖ್ಯವಾಗಿ ಮೂರು ದರ್ಜೆಗಳಲ್ಲಿ ಹೇಳುತ್ತವೆ: ಅವಲಂಬನೆ, ಶಿಫಾರಸು, ಸಲಹೆ. ಹುಳಿಗೆ ಬೇಳೆ ಬೇಕೇಬೇಕು. ಒಗ್ಗರಣೆಗೆ ಇಂಗಿದ್ದರೆ ಲೇಸು. ಹಪ್ಪಳ ಜೊತೆಗಿದ್ದರೆ ಸಂತೋಷ. ಅಡುಗೆಯವನು ಇಂಗನ್ನು ಬೇಳೆಯ ಸಾಲಿಗೆ ಸೇರಿಸಿ, ಇಂಗಿಲ್ಲದವನಿಗೆ ಹುಳಿಯೇ ಇಲ್ಲವೆಂದರೆ ನಾವು ಒಪ್ಪುವೆವೆ?

2012ರಲ್ಲಿ ಇಂಥದೇ ಒಂದು ವ್ಯಾಜ್ಯವು ಡೆಬಿಯನ್ನಿನ ತಾಂತ್ರಿಕ ಸಮಿತಿಯ ಮುಂದೆ ಬಂದಿತು. ನೆಟ್‌ವರ್ಕ್ ಮ್ಯಾನೇಜರ್ ಎಂಬುದು 2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಆರಂಭಿಸಿದ ತಂತ್ರಾಂಶ. ತಂತಿಯ ಹಾಗೂ ನಿಸ್ತಂತು ಸಂಪರ್ಕಗಳನ್ನು ನಿರ್ವಹಿಸುವುದು ಅದರ ಕೆಲಸ. ಹಿಂದೆ ಗ್ನೋಮ್ ಪರಿಸರದೊಡನೆ ಕೇವಲ ಶಿಫಾರಸಾಗಿದ್ದ ಇದನ್ನು ಪಾಲಕರು ‘ಗ್ನೋಮ್-ಕೋರ್’ ಪ್ಯಾಕೇಜಿನ ಅವಲಂಬನೆಯಾಗಿ ಬರೆದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ‘ಗ್ನೋಮ್-ಕೋರ್’ನಲ್ಲಿ ತಾನಾಗಿ ಓಡುವ ಕ್ರಮವಿಧಿ ಯಾವುದೂ ಇಲ್ಲ, ಅದು ಮದುವೆಮನೆಯ ಸಾಮಾನಿನ ಪಟ್ಟಿಯಂತೆ, ಬರಿಯ ಹೆಸರುಗಳ ಕಟ್ಟು. ಪಟ್ಟಿಯು ತಾನು ಇನ್ನೊಂದಿಲ್ಲದೆ ಬದುಕಲಾರೆನೆನ್ನುವುದು ವಿಚಿತ್ರವೇ ಸರಿ.

ಪಾಲಕರ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಪರದೆಯ ಮೇಲಿನ ಸಂಪರ್ಕದ ಚಿಹ್ನೆ, ಸಿದ್ಧತೆಯ ಕಿಟಕಿ, ಎಲ್ಲವೂ ನೆಟ್‌ವರ್ಕ್ ಮ್ಯಾನೇಜರನ್ನು ನೆಚ್ಚಿ ರಚಿತವಾಗಿವೆ. ಅದಿಲ್ಲದ ಗ್ನೋಮ್ ಅಪೂರ್ಣವಾಗಿ ಕಾಣುತ್ತದೆ. ಆದರೆ ಅಪೂರ್ಣವಾಗಿ ಕಾಣುವುದು ಬೇರೆ, ನಡೆಯದಿರುವುದು ಬೇರೆ. ಅದಿಲ್ಲದೆಯೂ ಗ್ನೋಮ್ ನಡೆಯುತ್ತಿತ್ತು. ಜಾಲಸಂಪರ್ಕದ ತಂತ್ರಾಂಶವಾದರೋ ಚಿತ್ರ ತೋರಿಸುವ ತಂತ್ರಾಂಶದಂತಲ್ಲ. ಎಲ್ಲಿಯೋ ದೂರದಲ್ಲಿರುವ ಯಂತ್ರವನ್ನು ಜಾಲದ ಮೂಲಕವೇ ನಡೆಸುವವನಿಗೆ, ನವೀಕರಣದ ನಡುವೆ ಆ ಜಾಲವೇ ಕೈಬದಲಾಯಿಸಿ ಕಡಿದರೆ, ಸರಿಪಡಿಸಲು ಯಂತ್ರದ ಬಳಿಗೇ ಹೋಗಬೇಕಾದೀತು. ಬೇಡವೆಂದು ಅದನ್ನು ತೆಗೆಯಹೊರಟರೆ ಅವಲಂಬನೆಯ ನಿಯಮದಂತೆ ‘ಗ್ನೋಮ್-ಕೋರ್’ ಕೂಡ ಹೊರಬೀಳುತ್ತದೆ.

ಸಮಿತಿಯು ಅವಲಂಬನೆಯನ್ನು ಶಿಫಾರಸಿಗೆ ಇಳಿಸಬೇಕೆಂದು ತೀರ್ಮಾನಿಸಿತು. ಅದು ಸರಿಯೆಂದೇ ನಮ್ಮ ಅಭಿಪ್ರಾಯ. 2009ರಲ್ಲಿ ಬಿಡುಗಡೆಯಾದ ಡೆಬಿಯನ್ 5.0ರಿಂದ ಮೊದಲ್ಗೊಂಡು ಶಿಫಾರಸಾದ ಪ್ಯಾಕೇಜುಗಳೂ ಸಾಮಾನ್ಯವಾಗಿ ತಾವಾಗಿಯೇ ಸ್ಥಾಪಿತವಾಗುತ್ತವೆ; ಆದುದರಿಂದ ಹೊಸಬನಿಗೆ ನಷ್ಟವೇನೂ ಇಲ್ಲ. ಸಂಪರ್ಕದ ವಿವರಗಳನ್ನು ಎಂದೋ ತನ್ನ ಕೈಯಿಂದ ಒಂದು ಪುಟ್ಟ ಕಡತದಲ್ಲಿ ಬರೆದಿಟ್ಟು, ಅದರಲ್ಲಿಯೇ ತೃಪ್ತನಾಗಿರುವ ಹಳಬನಿಗೆ ಮಾತ್ರ ಇದರಿಂದ ‘ಬೇಡ’ವೆನ್ನುವ ಅವಕಾಶ ಉಳಿಯುತ್ತದೆ.